ಹುಬ್ಬಳ್ಳಿ-ಧಾರವಾಡದಲ್ಲೇ ಇರೋದಾ, ಬೆಂಗಳೂರಿಗೆ ಹೋಗೋದಾ?

ನಮ್ಮ ಕಡೆಯ ಮನೆಗಳಲ್ಲಿ ಫೋನಿನ ಮಾತು ಎಲ್ಲೆಲ್ಲೋ ಸುತ್ತಿ ಕೊನೆಗೆ ಎರಡು ಪ್ರಶ್ನೆಗೆ ಬಂದು ನಿಲ್ಲುತ್ತದೆ. ಬೆಂಗಳೂರಿನಲ್ಲಿರುವ ಮಗ ಕೇಳುತ್ತಾನೆ, "ನಳ ಬಂತೇನವ್ವಾ?" ಅವ್ವ ಕೇಳುತ್ತಾಳೆ, "ಇಲ್ಲೇ ಎಲ್ಲೆರ ಕೆಲಸ ಸಿಗೂದಿಲ್ಲೇನೋ?" ಈ ಅವಳಿ ನಗರದಲ್ಲಿ ಇರುವುದರ ಸುಖ-ಕಷ್ಟದ ಲೆಕ್ಕ ಮುಕ್ಕಾಲು ಪಾಲು ಈ ಎರಡು ಮಾತಿನಲ್ಲೇ ಇದೆ.

ಲೆಕ್ಕ ಶುರುವಾಗಿದ್ದು 1962ರಲ್ಲಿ. ಸುಮಾರು 20 ಕಿ.ಮೀ. ದೂರದ ಎರಡು ಊರುಗಳನ್ನು ಸೇರಿಸಿ ಆ ವರ್ಷ ಒಂದೇ ಮಹಾನಗರ ಪಾಲಿಕೆ ಮಾಡಿದರು. ಎರಡೂ ಬೆಳೆದ ರೀತಿಯೇ ಬೇರೆ. ಹುಬ್ಬಳ್ಳಿ ಹತ್ತಿ ವ್ಯಾಪಾರದ ಊರು. 1880ರ ದಶಕದಲ್ಲಿ ರೈಲು ಬಂತು, ರೈಲ್ವೆ ವರ್ಕ್‌ಶಾಪ್ ಬಂತು. ಅದರ ಹಿಂದೆ ಕೂಲಿಕಾರರು, ವ್ಯಾಪಾರಿಗಳು, ಹತ್ತಾರು ಭಾಷೆಯ ಜನ ಬಂದು ನೆಲೆಯಾದರು. ಧಾರವಾಡದ್ದು ಓದಿನ ದಾರಿ. 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ, 1917ರಲ್ಲಿ ಕರ್ನಾಟಕ ಕಾಲೇಜು, ಆಮೇಲೆ ವಿಶ್ವವಿದ್ಯಾಲಯ. ಒಂದು ಊರು ಪೇಟೆಯ ಸದ್ದಿನಲ್ಲಿ ಬೆಳೆಯಿತು, ಇನ್ನೊಂದು ಮರಗಳ ನೆರಳಲ್ಲಿ.

2011ರ ಜನಗಣತಿಯಲ್ಲಿ ಎರಡೂ ಸೇರಿ 9.4 ಲಕ್ಷ ಜನ. ಕಾಗದದಲ್ಲಿ ಇದು ದೊಡ್ಡ ನಗರ. ಆದರೆ ಬದುಕುವಾಗ ಎರಡು ಸಣ್ಣ ಊರು. ಇಲ್ಲಿನ ಸುಖವೂ ತಕರಾರೂ ಹುಟ್ಟುವುದು ಈ ವ್ಯತ್ಯಾಸದಲ್ಲೇ ಅಂತ ನನಗೆ ಅನ್ನಿಸುತ್ತದೆ.

ಸುಖ ಮೊದಲು ಹೇಳುತ್ತೇನೆ. ಧಾರವಾಡದ ಸಾಧನಕೇರಿಯಲ್ಲಿ ಮನೆ ಇದ್ದವರು ಮಗುವನ್ನು ಶಾಲೆಗೆ ಬಿಟ್ಟು, ಮಾರ್ಕೆಟ್‌ನಲ್ಲಿ ಕಾಯಿಪಲ್ಲೆ ಕೊಂಡು, ಬ್ಯಾಂಕಿನ ಕೆಲಸ ಮುಗಿಸಿ ಹನ್ನೊಂದಕ್ಕೆಲ್ಲ ಮನೆಗೆ ಬರಬಹುದು. ಸಂಜೆ ಹುಬ್ಬಳ್ಳಿಯ ಉಣಕಲ್ ಕೆರೆ ದಂಡೆಯಲ್ಲೋ ಧಾರವಾಡದ ವಿಶ್ವವಿದ್ಯಾಲಯದ ಆವರಣದಲ್ಲೋ ಒಂದು ಸುತ್ತು ಹಾಕಿದರೆ ನಾಲ್ಕು ಪರಿಚಯದ ಮುಖ ಸಿಗುತ್ತವೆ. ವಯಸ್ಸಾದವರಿಗೆ ಇದು ಸಣ್ಣ ಮಾತಲ್ಲ. ದಿನಕ್ಕೆ ಮೂರು ತಾಸು ಟ್ರಾಫಿಕ್‌ನಲ್ಲಿ ಕಳೆಯುವವರನ್ನು ಕೇಳಿ ನೋಡಿ, ಆ ಮೂರು ತಾಸಿನ ಬೆಲೆ ಅವರಿಗೆ ಗೊತ್ತು.

ಒಟ್ಟಾಗಿದ್ದಕ್ಕೆ ದೊಡ್ಡ ಕಚೇರಿಗಳ ಮೇಲೆ ಹಕ್ಕು ಹೇಳುವ ಬಲವೂ ಬಂತು. ಆದರೆ ಯಾವುದೂ ಸುಮ್ನೆ ಸಿಗಲಿಲ್ಲ. ನೈರುತ್ಯ ರೈಲ್ವೆ ವಲಯದ ಕೇಂದ್ರ ಕಚೇರಿ ಹೋರಾಟದ ನಂತರ 2003ರಲ್ಲಿ ಹುಬ್ಬಳ್ಳಿಗೆ ಬಂತು. ಹೈಕೋರ್ಟ್ ಪೀಠ ಧಾರವಾಡದಲ್ಲಿ ಶುರುವಾಗಿದ್ದು 2008ರಲ್ಲಿ, ಕಾಯಂ ಆಗಿದ್ದು 2013ರಲ್ಲಿ. ಅಲ್ಲಿಯವರೆಗೆ ಒಂದು ಜಮೀನಿನ ಕೇಸಿಗೆ ರೈತ ರಾತ್ರಿ ಬಸ್ ಹತ್ತಿ 400 ಕಿ.ಮೀ. ದೂರದ ಬೆಂಗಳೂರಿಗೆ ಹೋಗಬೇಕಿತ್ತು. ಮುಂದಿನ ತಾರೀಖು ಕೇಳಿಕೊಂಡು ಮತ್ತೆ ರಾತ್ರಿ ಬಸ್ ಹತ್ತಬೇಕಿತ್ತು. 2016ರಲ್ಲಿ ಐಐಟಿ ಬಂತು. 2023ರಲ್ಲಿ ಬೆಂಗಳೂರಿಗೆ ವಂದೇ ಭಾರತ್ ರೈಲೂ ಬಂತು.

ಎರಡು ಊರನ್ನು ನಿಜವಾಗಿ ಕಟ್ಟಿದ್ದು ಮಾತ್ರ ಬಸ್ಸು. ಹಿಂದೆ ಸರ್ಕಾರಿ ಬಸ್ಸಿನ ಜೊತೆ ಖಾಸಗಿ 'ಬೇಂದ್ರೆ' ಬಸ್ಸುಗಳೂ ಓಡುತ್ತಿದ್ದವು. 2018ರಲ್ಲಿ ಬಿಆರ್‌ಟಿಎಸ್ ಅನ್ನುವ ತ್ವರಿತ ಬಸ್ ವ್ಯವಸ್ಥೆಯ 'ಚಿಗರಿ' ಬಸ್ಸುಗಳು ಓಡಲು ಶುರುವಾದವು, 2020ರಲ್ಲಿ ವಿಧಿಪ್ರಕಾರ ಉದ್ಘಾಟನೆ ಆಯಿತು. ನಡುರಸ್ತೆಯಲ್ಲಿ ಅವಕ್ಕೇ ಬೇರೆ ದಾರಿ. ಹುಬ್ಬಳ್ಳಿಯಲ್ಲಿ ಕೆಲಸ, ಧಾರವಾಡದಲ್ಲಿ ಮನೆ ಅನ್ನುವವರಿಗೆ ಇದರಿಂದ ಬಹಳ ಅನುಕೂಲ ಆಯಿತು. ಅದಕ್ಕಾಗಿ ರಸ್ತೆ ಬದಿಯ ಹಳೆಯ ಮರಗಳು ಹೋದವು. ಇದೇ ದಾರಿಯಲ್ಲಿರುವ ಧಾರವಾಡದ ಟೋಲ್ ನಾಕಾದಲ್ಲಿ ಜೋರು ಮಳೆಗೆ ನೀರು ನಿಲ್ಲುವುದನ್ನು ಎಷ್ಟು ವರ್ಷ ನೋಡಿದ್ದೇವೆ. ಆ ಮರಗಳ ದುಃಖ ನನಗಿನ್ನೂ ಹೋಗಿಲ್ಲ.

ಇನ್ನು ನೀರು. ಎರಡೂ ಊರು ದೊಡ್ಡ ನದಿಯ ದಂಡೆಯಲ್ಲಿಲ್ಲ. ಮೊದಲು ಕೆರೆಗಳೇ ಆಧಾರ. ಆಮೇಲೆ ನೀರಸಾಗರ ಜಲಾಶಯ ಬಂತು, ಅದೂ ಸಾಲದೆ ಸುಮಾರು 40 ಕಿ.ಮೀ. ದೂರದ ಸವದತ್ತಿಯಿಂದ ಮಲಪ್ರಭಾ ನದಿಯ ನೀರನ್ನು ಪಂಪ್ ಮಾಡಿ ತಂದರು. ಮಳೆ ಕೈಕೊಟ್ಟರೆ ನೀರಸಾಗರ ಒಣಗುತ್ತದೆ, 2017ರಲ್ಲಿ ಹಾಗೇ ಆಯಿತು. ಆಗ ಪೂರ್ತಿ ಭಾರ ಮಲಪ್ರಭೆಯ ಮೇಲೆ. ಗೋವಾಕ್ಕೆ ಹರಿಯುವ ಮಹದಾಯಿ ನದಿಯ ಕಣಿವೆಯಿಂದ ಕಳಸಾ, ಬಂಡೂರಿ ಹಳ್ಳಗಳ ನೀರು ಮಲಪ್ರಭೆಗೆ ಬಂದರೆ ಈ ಭಾರ ಇಳಿಯುತ್ತದೆ ಅನ್ನುವುದು ದಶಕಗಳ ಆಸೆ. 2018ರಲ್ಲಿ ಮಹದಾಯಿ ಜಲವಿವಾದ ನ್ಯಾಯಮಂಡಳಿ ಅದಕ್ಕೆ 3.9 ಟಿಎಂಸಿ ಕೊಟ್ಟಿತು. ಗೋವಾದ ತಕರಾರು, ಕಾಡಿನ ಅನುಮತಿ ಅಂತ ಕೆಲಸ ಮುಂದೆ ಹೋಗುತ್ತಲೇ ಬಂತು.

ಹಾಗಾಗಿ ಓಣಿಗೊಂದು ಪಾಳಿ. ವಾಲ್ವ್ ತಿರುಗಿಸಿದ ದಿನ ನಳ ಬರುತ್ತದೆ. ಐದಾರು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ಎಂಟು-ಹತ್ತು ದಿನಕ್ಕೊಮ್ಮೆ. ಸಂಪು, ಮೇಲಿನ ಟ್ಯಾಂಕು ಇದ್ದವರು ಹೇಗೋ ಸಾಗಿಸುತ್ತಾರೆ. ಎರಡು ಬ್ಯಾರಲ್, ನಾಲ್ಕು ಕೊಡ ಮಾತ್ರ ಇರುವ ಮನೆಯ ಹೆಂಗಸು ಆ ದಿನದ ಕೂಲಿ ಬಿಟ್ಟು ನಳದ ಮುಂದೆ ಕೂರುತ್ತಾಳೆ. ನನಗೆ ಸಿಟ್ಟು ಬರುವುದು ಇನ್ನೊಂದು ಕಾರಣಕ್ಕೆ. ಇದು ಆಗದ ಕೆಲಸವಲ್ಲ ಅಂತ ಇದೇ ಊರು ತೋರಿಸಿದೆ. ವಿಶ್ವಬ್ಯಾಂಕಿನ ನೆರವಿನಿಂದ 2008ರ ಹೊತ್ತಿಗೆ ಕೆಲವು ವಾರ್ಡ್‌ಗಳಲ್ಲಿ ಪೈಪು ಬದಲಿಸಿ, ಮೀಟರ್ ಹಾಕಿ, 24 ತಾಸೂ ನೀರು ಕೊಟ್ಟರು. ಉಳಿದ ವಾರ್ಡ್‌ಗಳು ಹದಿನೈದು ವರ್ಷ ದಾಟಿದರೂ ಕಾಯುತ್ತಲೇ ಇದ್ದವು. ಬಾಡಿಗೆ ಮನೆ ನೋಡಲು ಹೋದವರು ಬಾಡಿಗೆಗಿಂತ ಮೊದಲು ಕೇಳುವುದು ಎಷ್ಟು ದಿನಕ್ಕೊಮ್ಮೆ ನಳ ಅಂತಲೇ.

ಅವ್ವನ ಪ್ರಶ್ನೆಗೆ ಉತ್ತರ ಇನ್ನೂ ಕಷ್ಟ. ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಉತ್ತರ ಕರ್ನಾಟಕದ ಎಲ್ಲ ಕಡೆಯಿಂದ ಬಂದಿರುತ್ತಾರೆ. ಎಂಜಿನಿಯರ್‌ಗಳನ್ನು ತಯಾರಿಸುವ ಕಾಲೇಜುಗಳು ಹುಬ್ಬಳ್ಳಿಯಲ್ಲಿ ಬೇಕಾದಷ್ಟಿವೆ. ಕಲಿಸಲು ಎಲ್ಲ ಇದೆ, ಉಳಿಸಿಕೊಳ್ಳಲು ಸಾಕಷ್ಟಿಲ್ಲ. ಕಾರ್ಖಾನೆಗಳು ಬಂದವು, ಐಟಿ ಕಂಪನಿಯ ಕ್ಯಾಂಪಸ್ಸೂ ಎದ್ದಿತು. ಆದರೂ ಪದವಿ ಮುಗಿದ ಮಕ್ಕಳು ರಾತ್ರಿ ರೈಲು ಹತ್ತುವುದು ನಿಂತಿಲ್ಲ. ಹಬ್ಬಕ್ಕೆ ಬರುತ್ತಾರೆ, ಪೇಢೆ ಕಟ್ಟಿಸಿಕೊಂಡು ಹೋಗುತ್ತಾರೆ.

ಈಗ 1962ರ ಗಂಟು ಬಿಚ್ಚುವ ಹೊತ್ತು. ತೆರಿಗೆ ನಮ್ಮದು, ಅಭಿವೃದ್ಧಿ ಕೆಲಸ ಹುಬ್ಬಳ್ಳಿಯದು ಎಂಬ ಬೇಸರ ಧಾರವಾಡದವರಲ್ಲಿ ಬಹಳ ಹಳೆಯದು. ಪ್ರತ್ಯೇಕ ಪಾಲಿಕೆ ಬೇಕೆಂದು ಅವರು ಹೋರಾಡಿದರು, 2025ರ ಜನವರಿಯಲ್ಲಿ ಸಚಿವ ಸಂಪುಟ ಒಪ್ಪಿತು. ಧಾರವಾಡದವರ ಬೇಸರ ನ್ಯಾಯವಾದದ್ದೇ. ಆದರೆ ಒಟ್ಟಿಗೆ ಒಂಬತ್ತು ಲಕ್ಷ ಅಂತ ಹೇಳಿಕೊಂಡು ಜಗ್ಗಿ ತಂದಿದ್ದನ್ನು ಅರ್ಧರ್ಧವಾಗಿ ನಿಂತು ತರಲು ಆಗುತ್ತದಾ ಅನ್ನುವ ಚಿಂತೆ ನನಗಿದೆ.

ಮಲಪ್ರಭೆಯ ನೀರು ಧಾರವಾಡದ ಹತ್ತಿರದ ಅಮ್ಮಿನಭಾವಿಯಲ್ಲಿ ಶುದ್ಧವಾಗಿ ಎರಡೂ ಊರಿಗೆ ಹೋಗುತ್ತದೆ. ಪಾಲಿಕೆ ಎರಡಾದರೂ ನೀರಿನ ದಾರಿ ಅದೇ. ಹಂಚಿಕೆಯ ಕರಾರನ್ನು ಯಾರೇ ಕುಳಿತು ಬರೆಯಲಿ, ಅದರಲ್ಲಿ ಎಷ್ಟು ದಿನಕ್ಕೊಮ್ಮೆ ನಳ ಅಂತ ಬರೆದಿದೆಯಾ ಎಂದು ನಾನು ಮೊದಲು ನೋಡುತ್ತೇನೆ.