ಮರುಭೂಮಿಯಲ್ಲಿ ಅಷ್ಟು ದೊಡ್ಡ ಉಡಕ್ಕೆ ಊಟ ಎಲ್ಲಿಂದ?

ಪ್ರಶ್ನೆ: ಆಸ್ಟ್ರೇಲಿಯಾದ ಅತಿ ದೊಡ್ಡ ಉಡ ಪೆರೆಂಟಿ ಅಲ್ಲಿನ ಮರುಭೂಮಿಯಲ್ಲಿ ಇದೆಯಂತೆ. ಮಳೆಯೂ ಬೇಟೆಯೂ ವಿರಳವಾದ ಕಡೆ ಅದು ಹೊಟ್ಟೆ ತುಂಬಿಸಿಕೊಳ್ಳುವುದು ಹೇಗೆ?

ದೊಡ್ಡ ಮೈಗೆ ದೊಡ್ಡ ಹಸಿವು ಎಂಬ ಲೆಕ್ಕ ನಮ್ಮಂಥ ಬಿಸಿರಕ್ತದ ಪ್ರಾಣಿಗಳದ್ದು. ನಾವು ತಿಂದದ್ದರಲ್ಲಿ ಬಹುಪಾಲು ಮೈಯನ್ನು ಬೆಚ್ಚಗಿಡುವುದಕ್ಕೇ ಹೋಗುತ್ತದೆ. ಪೆರೆಂಟಿಯ ಪಾಲಿಗೆ ಆ ಕೆಲಸವನ್ನು ಬಿಸಿಲು ಪುಕ್ಕಟೆಯಾಗಿ ಮಾಡಿಕೊಡುತ್ತದೆ. ಬೆಳಿಗ್ಗೆ ಬಂಡೆಯ ಮೇಲೆ ಮೈ ಕಾಯಿಸಿಕೊಂಡರೆ ಆಯಿತು. ಹಾಗಾಗಿ ಎರಡೂವರೆ ಮೀಟರ್‌ವರೆಗೂ ಬೆಳೆಯಬಲ್ಲ ಈ ಉಡಕ್ಕೆ, ಅಷ್ಟೇ ತೂಕದ ಸಸ್ತನಿ ತಿನ್ನುವುದರಲ್ಲಿ ಸಣ್ಣ ಪಾಲು ಸಾಕು.

ಆ ಸಣ್ಣ ಪಾಲನ್ನು ಹುಡುಕುವ ಪರಿ ನೋಡಬೇಕು. ಹಳದಿ ಚುಕ್ಕೆಗಳ ಮೈ, ಬಲೆ ಹೆಣೆದಂಥ ಗೆರೆಗಳ ಉದ್ದ ಕತ್ತು; ನಡೆಯುತ್ತ ನಡೆಯುತ್ತ ಸೀಳುನಾಲಿಗೆಯನ್ನು ಮರಳಿಗೆ ತಾಗಿಸಿ ಒಳಗೆಳೆದುಕೊಳ್ಳುತ್ತದೆ. ನಾಲಿಗೆಗೆ ಅಂಟಿದ ವಾಸನೆಯ ಕಣಗಳು ಬಾಯಿಯ ಮೇಲ್ಭಾಗದ ವಿಶೇಷ ಅಂಗವನ್ನು ತಲುಪಿ, ಯಾವ ಬಿಲದಲ್ಲಿ ಯಾರಿದ್ದಾರೆಂದು ತಿಳಿಸುತ್ತವೆ. ಆಮೇಲೆ ಉಗುರುಗಳ ಕೆಲಸ. ದೂರ ನೋಡಬೇಕಾದರೆ ಹಿಂಗಾಲು ಮತ್ತು ಬಾಲ ಊರಿ ನೆಟ್ಟಗೆ ನಿಲ್ಲುತ್ತದೆ. ನನ್ನ ಮಟ್ಟಿಗೆ ಅದರ ಅತ್ಯಂತ ಚೆಂದದ ಭಂಗಿ ಅದೇ.

ಬಹುತೇಕ ಹಲ್ಲಿಗಳಿಗೆ ಓಡುತ್ತ ಸರಿಯಾಗಿ ಉಸಿರಾಡಲು ಆಗುವುದಿಲ್ಲ. ಮೈ ಅತ್ತಿತ್ತ ಬಳುಕುವಾಗ ಎದೆಯ ಸ್ನಾಯುಗಳು ಓಟಕ್ಕೇ ಮೀಸಲು. ಉಡಗಳು ಗಂಟಲನ್ನು ತಿದಿಯಂತೆ ಒತ್ತಿ ಶ್ವಾಸಕೋಶಕ್ಕೆ ಗಾಳಿ ತುಂಬುತ್ತವೆ. ಆದ್ದರಿಂದ ಬೇಟೆಯ ಬೆನ್ನು ಹತ್ತಿದರೆ ಬೇಗ ಸೋಲುವುದಿಲ್ಲ.

ಆಯ್ಕೆಯ ಹಟವೂ ಅದಕ್ಕಿಲ್ಲ. ಹಾವು, ಹಕ್ಕಿ, ಸತ್ತ ಪ್ರಾಣಿ, ತನಗಿಂತ ಚಿಕ್ಕ ಉಡ, ಎಲ್ಲವೂ ಆಹಾರವೇ. 1859ರಲ್ಲಿ ಬೇಟೆಯ ಮೋಜಿಗೆಂದು ಯುರೋಪಿಯನ್ನರು ತಂದುಬಿಟ್ಟ ಮೊಲಗಳ ಸಂತತಿಯೂ ಈಗ ಅದರ ಊಟದಲ್ಲಿದೆ. ಪಶ್ಚಿಮ ಕರಾವಳಿಯಾಚೆಯ ಬ್ಯಾರೋ ದ್ವೀಪದಲ್ಲಿ ಕಡಲಾಮೆಯ ಮೊಟ್ಟೆಗಳನ್ನೂ ಅಗೆದು ತಿನ್ನುತ್ತದೆ. ಬೇಕಾದ ನೀರಿನಲ್ಲಿ ಬಹಳಷ್ಟು ಬೇಟೆಯ ಮಾಂಸದಲ್ಲೇ ಸಿಗುತ್ತದೆ. ಮೂತ್ರದ ಬದಲು ಬಿಳಿಯ ಗಟ್ಟಿ ಮುದ್ದೆಯನ್ನು ವಿಸರ್ಜಿಸುವುದರಿಂದ ಆ ನೀರು ವ್ಯರ್ಥವಾಗುವುದೂ ಕಡಿಮೆ.

ಹೀಗೆ ಸಿಕ್ಕಿದ್ದು ಕೊಬ್ಬಾಗಿ ಮೈಯಲ್ಲಿ ಉಳಿಯುತ್ತದೆ. ಆ ಮರುಭೂಮಿಯಲ್ಲಿ ಚಳಿ ಬೀಳುವ ಮೇ ತಿಂಗಳ ಹೊತ್ತಿಗೆ ಪೆರೆಂಟಿ ಬಿಲ ಸೇರುತ್ತದೆ. ಅದೇ ಕೊಬ್ಬನ್ನು ನೆಚ್ಚಿಕೊಂಡು, ಆಗಸ್ಟ್ ಕಳೆದು ನೆಲ ಕಾಯುವವರೆಗೆ ಹೆಚ್ಚಾಗಿ ಅಲ್ಲೇ ಮಲಗಿರುತ್ತದೆ.