ಡೇಟಾ ಘಟ್ಟ ಇಳಿಯುತ್ತದೆ, ಬೀಗ ಇಳಿಯುವುದಿಲ್ಲ

ಶಿರಸಿಯ ಒಂದು ಅಡಿಕೆ ವ್ಯಾಪಾರದ ಡೇಟಾಬೇಸ್ ನಾನು ನೋಡಿಕೊಳ್ಳುತ್ತೇನೆ. ಮೂಲ ಸರ್ವರ್ ಶಿರಸಿಯಲ್ಲಿ, ಅದು ಕೈಕೊಟ್ಟರೆ ಬದಲಿಗೆ ನಿಲ್ಲುವ ಸ್ಟ್ಯಾಂಡ್‌ಬೈ ಘಟ್ಟದ ಕೆಳಗಿನ ಕಾರವಾರದಲ್ಲಿ. ಎರಡರಲ್ಲೂ ಓಡುವುದು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶ. ಚಾಲಿ ಅಡಿಕೆ ಎಷ್ಟಕ್ಕೆ ಹೋಯಿತು, ರಾಶಿ ಅಡಿಕೆ ಎಷ್ಟಕ್ಕೆ ಹೋಯಿತು, ಯಾವ ಬೆಳೆಗಾರನ ಖಾತೆಗೆ ಎಷ್ಟು ಜಮಾ ಆಯಿತು, ಎಲ್ಲವೂ ಮೊದಲು ಶಿರಸಿಯ ವಾಲ್ ಕಡತಕ್ಕೆ, ಅಂದರೆ ಪ್ರತಿ ಬದಲಾವಣೆಯ ದಿನಚರಿಗೆ, ಬೀಳುತ್ತದೆ. ಕಾರವಾರದ ಯಂತ್ರ ಅದನ್ನು ಎಳೆದುಕೊಂಡು ತನ್ನಲ್ಲೂ ಬರೆದುಕೊಳ್ಳುತ್ತದೆ. ಲೈನ್ ಸರಿ ಇದ್ದರೆ ಒಂದೆರಡು ಸೆಕೆಂಡಿನ ಮಾತು.

ಮಳೆಗಾಲಕ್ಕೆ ಮುಂಚೆ ನಾವು ಒಂದು ಭಾನುವಾರ ತಾಲೀಮು ಮಾಡುತ್ತೇವೆ. ಶಿರಸಿ ಸರ್ವರ್ ನಿಲ್ಲಿಸಿ, ಕಾರವಾರದಲ್ಲಿ ಪಿಜಿ-ಪ್ರಮೋಟ್ ಕೊಟ್ಟು, ಅದನ್ನೇ ಮೂಲ ಸರ್ವರ್ ಮಾಡುವುದು. ಒಂದು ವರ್ಷ ಈ ತಾಲೀಮಿಗೆ ಮೊದಲು ಸುಮ್ನೆ ಕಾರವಾರದ ಪಿಜಿ-ಎಚ್‌ಬಿಎ ಕಡತ ತೆರೆದೆ. ಯಾರು, ಎಲ್ಲಿಂದ, ಹೇಗೆ ಒಳಗೆ ಬರಬಹುದು ಎಂದು ಹೇಳುವ ಕಡತ ಅದು. ಅಲ್ಲೊಂದು ಸಾಲು: ಹೋಸ್ಟ್, ಆಲ್, ಆಲ್, 0.0.0.0/0, ಎಂಡಿ5 (ಪಾಸ್‌ವರ್ಡ್ ಪರೀಕ್ಷಿಸುವ ಹಳೆಯ ವಿಧಾನ). ಅಂದರೆ ಯಾವ ವಿಳಾಸದಿಂದಾದರೂ, ಯಾವ ಬಳಕೆದಾರನಾದರೂ, ಎನ್‌ಕ್ರಿಪ್ಷನ್ (ಮಾತನ್ನು ಗುಪ್ತಲಿಪಿಗೆ ತಿರುಗಿಸುವುದು) ಇಲ್ಲದೆಯೂ ಬಾಗಿಲು ತಟ್ಟಬಹುದು. ಕೈಕಾಲು ತಣ್ಣಗಾಯಿತು.

ಶಿರಸಿಯಲ್ಲಿ ಆ ಸಾಲನ್ನು ಹಿಂದಿನ ವರ್ಷವೇ ತೆಗೆದಿದ್ದೆ. ಕಾರವಾರಕ್ಕೂ ತಾನಾಗಿ ಹೋಗಿರುತ್ತದೆ ಎಂದುಕೊಂಡಿದ್ದೆ. ಹೋಗುವುದಿಲ್ಲ. ಟೇಬಲ್ ಹೋಗುತ್ತದೆ, ಬಳಕೆದಾರರು ಹೋಗುತ್ತಾರೆ, ಬದಲಾಯಿಸಿದ ಪಾಸ್‌ವರ್ಡ್ ಕೂಡ ಹೋಗುತ್ತದೆ. ಪಿಜಿ-ಎಚ್‌ಬಿಎ ಮಾತ್ರ ಡೇಟಾಬೇಸಿನ ಒಳಗಿನ ವಸ್ತುವಲ್ಲ, ಆಯಾ ಯಂತ್ರದ ಕಡತ. ಸರ್ವರ್ ತಾನು ಯಾರೆಂದು ತೋರಿಸುವ ಸರ್ಟಿಫಿಕೇಟ್ ಕತೆಯೂ ಅಷ್ಟೇ. ಅದೇ ಡೇಟಾ, ಒಂದು ಕಡೆ ಬೀಗ, ಇನ್ನೊಂದು ಕಡೆ ಬರೀ ಅಗುಳಿ.

ಸ್ಟ್ಯಾಂಡ್‌ಬೈ ಓದಲು ಮಾತ್ರ ತಾನೆ ಎಂದು ಕೆಲವರು ಹೇಳುತ್ತಾರೆ. ಬೆಳೆಗಾರರ ಬ್ಯಾಂಕ್ ಖಾತೆ ನಂಬರ್ ಕದಿಯುವವನಿಗೆ ಓದಲು ಸಿಕ್ಕರೆ ಸಾಕಲ್ವಾ?

ಈಗ ಎರಡೂ ಕಡೆ ಹೋಸ್ಟ್‌ಎಸ್‌ಎಸ್‌ಎಲ್ ಸಾಲುಗಳು ಮಾತ್ರ, ಅಂದರೆ ಎನ್‌ಕ್ರಿಪ್ಷನ್ ಇದ್ದರಷ್ಟೇ ಪ್ರವೇಶ. ಪಾಸ್‌ವರ್ಡ್‌ಗೆ ಎಂಡಿ5ಗಿಂತ ಗಟ್ಟಿಯಾದ ಸ್ಕ್ರಾಮ್ ವಿಧಾನ, ಪೋಸ್ಟ್‌ಗ್ರೆಸ್‌ನ 2017ರ 10ನೇ ಆವೃತ್ತಿಯಿಂದಲೇ ಅದು ಇದೆ, ಎಂಡಿ5 ಹಿಡಿದು ಕೂರಲು ಕಾರಣವಿಲ್ಲ. ರೆಪ್ಲಿಕೇಷನ್ ಬಳಕೆದಾರನಿಗೆ, ಅಂದರೆ ವಾಲ್ ಎಳೆದುಕೊಳ್ಳಲು ಸ್ಟ್ಯಾಂಡ್‌ಬೈ ಬಳಸುವ ಹೆಸರಿಗೆ, ಎದುರಿನ ಸರ್ವರ್‌ನ ಒಂದೇ ಒಂದು ವಿಳಾಸದಿಂದ ಪ್ರವೇಶ. ಆ ಪಾಸ್‌ವರ್ಡ್ ಸಿಕ್ಕವನು ಬೇಸ್‌ಬ್ಯಾಕಪ್ ಮಾಡಿ ಇಡೀ ಡೇಟಾಬೇಸನ್ನೇ ಹೊತ್ತೊಯ್ಯಬಹುದು, ಹಾಗಾಗಿ ಇಲ್ಲಿ ಜಾಸ್ತಿ ಬಿಗಿ.

ಇನ್ನೊಂದು ತುದಿಯನ್ನೂ ನೋಡಬೇಕು. ಸಂಪರ್ಕ ಕೇಳುವ ಕಡೆ ಎಸ್‌ಎಸ್‌ಎಲ್ ಮೋಡ್ (ಎನ್‌ಕ್ರಿಪ್ಷನ್ ಎಷ್ಟು ಬಿಗಿ ಎಂಬ ಆಯ್ಕೆ) ಏನೂ ಬರೆಯದಿದ್ದರೆ ಅದು 'ಪ್ರಿಫರ್'. ಎನ್‌ಕ್ರಿಪ್ಷನ್ ಸಿಕ್ಕರೆ ಸರಿ, ಸಿಗದಿದ್ದರೆ ಬಯಲಿನಲ್ಲೇ ಮಾತು. 'ರಿಕ್ವೈರ್' ಎಂದರೆ ಮಾತು ಮುಚ್ಚಿರುತ್ತದೆ, ಆದರೆ ಎದುರಿಗಿರುವುದು ನಿಜಕ್ಕೂ ಶಿರಸಿಯ ಸರ್ವರೇ ಎಂಬ ಖಾತ್ರಿ ಇರುವುದಿಲ್ಲ. 'ವೆರಿಫೈ-ಫುಲ್' ಸರ್ಟಿಫಿಕೇಟನ್ನೂ ಹೆಸರನ್ನೂ ಎರಡನ್ನೂ ನೋಡುತ್ತದೆ. ನಾನು ಇದನ್ನೇ ಹಾಕುತ್ತೇನೆ. ಆಗ ಕಾರವಾರದ ಸರ್ಟಿಫಿಕೇಟ್‌ನಲ್ಲಿ ಆ್ಯಪ್ ಹುಡುಕುವ ಹೆಸರು ಇರಲೇಬೇಕು, ಇಲ್ಲದಿದ್ದರೆ ಪ್ರಮೋಟ್ ಆದ ದಿನ ಯಾರೂ ಒಳಗೆ ಬರಲಾರರು.

ನಮ್ಮ ಕಡೆಯವರಿಗೆ ಇನ್ನೊಂದು ಮಾತು. ಆಷಾಢದ ಮಳೆಯಲ್ಲಿ ಘಟ್ಟದ ಲೈನ್ ಹೋದರೆ ಎರಡು ದಿನ ಬಾರದಿರುವುದೂ ಉಂಟು. ಸ್ಟ್ಯಾಂಡ್‌ಬೈ ಪಡೆಯುವವರೆಗೆ ವಾಲ್ ಅಳಿಸದಂತೆ ತಡೆಯುವ ರೆಪ್ಲಿಕೇಷನ್ ಸ್ಲಾಟ್ ಇಟ್ಟಿದ್ದರೆ ಅಷ್ಟೂ ಹೊತ್ತಿನ ವಾಲ್ ಶಿರಸಿಯಲ್ಲೇ ರಾಶಿ ಬೀಳುತ್ತದೆ, 16 ಎಂಬಿಯ ಒಂದೊಂದೇ ಕಡತ. ಡಿಸ್ಕ್ ತುಂಬಿದರೆ ಮೂಲ ಸರ್ವರೇ ನಿಲ್ಲುತ್ತದೆ. 13ನೇ ಆವೃತ್ತಿಯಿಂದ ಆ ರಾಶಿಗೆ ಮಿತಿ ಹಾಕುವ ಮ್ಯಾಕ್ಸ್-ಸ್ಲಾಟ್-ವಾಲ್-ಕೀಪ್-ಸೈಜ್ ಇದೆ, ಆದರೆ ನಾವಾಗಿ ಹಾಕದಿದ್ದರೆ ಮಿತಿಯೇ ಇಲ್ಲ. ಮಿತಿ ಹಾಕಿ. ದಾಟಿದರೆ ಬೇಕಾದ ವಾಲ್ ಅಳಿಸಿಹೋಗಿ ಸ್ಟ್ಯಾಂಡ್‌ಬೈ ಮತ್ತೆ ಕಟ್ಟಬೇಕಾಗಬಹುದು. ಕಟ್ಟೋಣ, ಸೋಮವಾರದ ಟೆಂಡರ್ ನಿಲ್ಲಬಾರದು.

ಈಗ ತಿಂಗಳಿಗೊಮ್ಮೆ ಎರಡೂ ಸರ್ವರ್‌ಗಳಲ್ಲಿ ಪಿಜಿ-ಎಚ್‌ಬಿಎ ಸಾಲುಗಳನ್ನು ತೋರಿಸುವ ಪಿಜಿ-ಎಚ್‌ಬಿಎ-ಫೈಲ್-ರೂಲ್ಸ್ ಓದಿಸಿ ಪಕ್ಕ ಪಕ್ಕ ಇಟ್ಟು ನೋಡುತ್ತೇನೆ. ಆಮೇಲೆ ಬೇಕೆಂದೇ ಎಸ್‌ಎಸ್‌ಎಲ್ ಆಫ್ ಮಾಡಿ ಕಾರವಾರಕ್ಕೆ ಸಂಪರ್ಕ ಕೇಳುತ್ತೇನೆ. ಎನ್‌ಕ್ರಿಪ್ಷನ್ ಇಲ್ಲ, ಒಳಗೆ ಬಿಡುವುದಿಲ್ಲ ಎಂಬ ಕೆಂಪು ಸಾಲು ಬರುವವರೆಗೆ ಕುರ್ಚಿ ಬಿಟ್ಟು ಏಳುವುದಿಲ್ಲ.