ಹಳೆ ಟ್ರೇಲರ್ ತಂದಿದ್ದೀರಾ? ಮೊದಲು ನೀರು ಹುಡುಕಿ

ಹೋದ ಬೇಸಿಗೆಯಲ್ಲಿ ಒಬ್ಬರು ದಾವಣಗೆರೆಯ ನಮ್ಮ ಗ್ಯಾರೇಜಿಗೆ ಒಂದು ಹಳೆ ಟ್ರೇಲರ್ ಎಳೆದು ತಂದರು. ರಸ್ತೆ ಕಂಟ್ರಾಕ್ಟರ್ ಒಬ್ಬರು ಸೈಟಿನಲ್ಲಿ ಮಲಗಲಿಕ್ಕೆ ಅಂತ ಇಟ್ಟುಕೊಂಡಿದ್ದ ಹತ್ತಡಿ ಉದ್ದದ ಗಾಡಿ. "ಅಣ್ಣಾ, ಒಳಗೆ ಒಂದು ಮಂಚ, ಸಣ್ಣ ಅಡುಗೆ ಕಟ್ಟೆ, ಎರಡು ಫ್ಯಾನು ಮಾಡಿಕೊಡಿ. ಮಕ್ಕಳನ್ನ ಕರ್ಕೊಂಡು ಮಾರಿಕಣಿವೆ ಡ್ಯಾಂ ಕಡೆ ಎರಡು ರಾತ್ರಿ ಇದ್ದು ಬರ್ತೀವಿ" ಅಂದರು. ಸನ್‌ಮೈಕಾ ಬಣ್ಣ ಕೂಡ ಆರಿಸಿಕೊಂಡು ಬಂದಿದ್ದರು.

ನಾನು ಸ್ಕ್ರೂಡ್ರೈವರ್ ತಗೊಂಡು ಒಳಗೆ ಹೋದೆ. ಹಿಂದಿನ ಎಡ ಮೂಲೆಯಲ್ಲಿ ನೆಲದ ವಿನೈಲ್ ಶೀಟ್ ಎತ್ತಿ, ಪ್ಲೈವುಡ್ ಮೇಲೆ ತುದಿ ಇಟ್ಟು ಮೆಲ್ಲಗೆ ಒತ್ತಿದೆ. ಚಹಾದಲ್ಲಿ ನೆನೆದ ಬನ್ನಿಗೆ ಚುಚ್ಚಿದ ಹಾಗೆ ಇಳಿಯಿತು. ಹೊರಗೆ ತೆಗೆದಾಗ ತುದಿಗೆ ಕಪ್ಪು ಪುಡಿ ಅಂಟಿತ್ತು, ಹಳೆ ಅಟ್ಟದ ವಾಸನೆ. ಅವರನ್ನೇ ಕರೆದು ಕೈಯಲ್ಲಿ ಒತ್ತಿಸಿದೆ. ಸನ್‌ಮೈಕಾ ಮಾತು ಅಲ್ಲಿಗೆ ನಿಂತಿತು.

ಹಳೆ ಟ್ರೇಲರ್ ಅಂದ ಕೂಡಲೇ ಎಲ್ಲರೂ ಬಗ್ಗಿ ತುಕ್ಕು ನೋಡುತ್ತಾರೆ. ತುಕ್ಕು ಕಣ್ಣಿಗೆ ಬೀಳುತ್ತದೆ, ಕೆತ್ತಿ ವೆಲ್ಡಿಂಗ್ ಮಾಡಬಹುದು. ನೀರು ಹಾಗಲ್ಲ. ಚಾವಣಿಯ ಒಂದು ರಿವೆಟ್ ಪಕ್ಕದಲ್ಲಿ ಇಳಿದು, ತಗಡಿಗೂ ಪ್ಲೈವುಡ್ಡಿಗೂ ನಡುವೆ ಹರಿದು, ನಾಲ್ಕಡಿ ದೂರದ ಮೂಲೆಯಲ್ಲಿ ಹೊರಗೆ ಬರುತ್ತದೆ. ನೀವು ಆ ಮೂಲೆಗೆ ಸೀಲಂಟ್, ಅಂದರೆ ಸಂದಿ ಮುಚ್ಚುವ ಅಂಟು, ಬಳಿಯುತ್ತೀರಿ, ಸೋರಿಕೆ ಹಾಗೇ ಇರುತ್ತದೆ. ಈ ಗಾಡಿಯಲ್ಲೂ ಯಾರೋ ಮೂರು ಪದರ ಬಳಿದಿದ್ದರು.

ಸೋರಿಕೆ ಹುಡುಕಲು ಇಬ್ಬರು ಬೇಕು. ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂರಬೇಕು, ಇನ್ನೊಬ್ಬರು ಹೊರಗಿಂದ ನೀರು ಬಿಡಬೇಕು. ಮುಖ್ಯವಾದದ್ದು ಇದು: ಪೈಪನ್ನು ಕೆಳಗಿನಿಂದ ಶುರು ಮಾಡಿ. ಮೊದಲು ಬಾಗಿಲ ಕೆಳಗಿನ ಅಂಚು, ಆಮೇಲೆ ಕಿಟಕಿ, ಕೊನೆಗೆ ಚಾವಣಿ. ಒಂದೊಂದು ಜಾಗಕ್ಕೂ ಐದು ನಿಮಿಷ ಕೊಡಿ. ಸುಮ್ನೆ ಮೇಲಿಂದ ಸುರಿದರೆ ಎಲ್ಲಾ ಸಂದಿಗೂ ಒಟ್ಟಿಗೇ ನೀರು ಹೋಗುತ್ತದೆ, ಯಾವುದು ಕಳ್ಳ ಅಂತ ಗೊತ್ತಾಗುವುದಿಲ್ಲ. ನಮಗೆ ಸಿಕ್ಕಿದ್ದು ಕಿಟಕಿಯ ಮೇಲಿನ ಅಂಚು.

ಹಳೆ ಸೀಲಂಟನ್ನು ಪೂರ್ತಿ ಕೆರೆದು ತೆಗೆಯಿರಿ. ಬೇಜಾರಿನ ಕೆಲಸ, ನಮ್ಮ ಹುಡುಗರಿಗೆ ಒಂದು ದಿನ ಹಿಡಿಯಿತು. ಸಿಲಿಕೋನ್ ಮಾತ್ರ ಹಾಕಬೇಡಿ. ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ, ಮುಂದೆ ಬೇರೆ ಸೀಲಂಟ್ ಕೂಡ ಅಂಟುವುದಿಲ್ಲ. ಬಸ್ಸಿನ ಗಾಜು ಕೂರಿಸಲು ಬಳಸುವ ಪಾಲಿಯುರೆಥೇನ್ ಸೀಲಂಟ್ ಕೇಳಿ ತನ್ನಿ. ಕೊಳೆತ ಪ್ಲೈವುಡ್ಡನ್ನು ಗಟ್ಟಿ ಸಿಗುವವರೆಗೂ ಕತ್ತರಿಸಿ, ಐಎಸ್ 710 (ಭಾರತೀಯ ಮಾನಕ) ಗುರುತಿನ, ನೀರು ತಡೆಯುವ ಮರೀನ್ ಪ್ಲೈ ಹಾಕಿ. ಐಎಸ್ 303 ಅಂತ ಬರೆದದ್ದು ಮನೆಯ ಕಪಾಟಿಗೆ ಸರಿ, ಇಲ್ಲಿಗಲ್ಲ.

ನೀರಿನ ಕೆಲಸ ಮುಗಿದ ಮೇಲೆ ಚಕ್ರಕ್ಕೆ ಬನ್ನಿ. ಟೈರಿನ ಗೀರು ನೋಡಿ ಮೋಸ ಹೋಗಬೇಡಿ. ನಿಂತ ಗಾಡಿಯ ಟೈರು ಸವೆಯುವುದಿಲ್ಲ, ಮುದಿಯಾಗುತ್ತದೆ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2316 ಅಂದರೆ 2016ರ 23ನೇ ವಾರ ತಯಾರಾದದ್ದು. ಅಂಥದ್ದಿದ್ದರೆ ಹೊಸತು ಹಾಕಿ. ಬೇರಿಂಗ್ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಗ್ರೀಸ್ ತುಂಬಿ.

ಇನ್ನು ಭಾರ. ಟ್ರೇಲರಿನ ಒಟ್ಟು ಭಾರದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಭಾಗ, ಎಳೆಯುವ ಗಾಡಿಗೆ ಸಿಕ್ಕಿಸುವ ಹುಕ್ಕಿನ ಮೇಲೆ ಕೂರಬೇಕು. ನಮ್ಮದು 600 ಕೆಜಿ ಇತ್ತು, ಅಂದರೆ ಹುಕ್ಕಿನ ಮೇಲೆ 60ರಿಂದ 90 ಕೆಜಿ. ಮನೆಯಲ್ಲಿ ತೂಕ ನೋಡುವ ಯಂತ್ರವನ್ನೇ ಹುಕ್ಕಿನ ಕೆಳಗಿಟ್ಟು ಅಳೆಯಬಹುದು. 100 ಲೀಟರಿನ ನೀರಿನ ಟ್ಯಾಂಕು ತುಂಬಿದರೆ ನೀರೇ 100 ಕೆಜಿ, ಅಲ್ವಾ? ಆ ಟ್ಯಾಂಕನ್ನು ಹಿಂದಿನ ತುದಿಗೆ ಇಟ್ಟರೆ ಹುಕ್ಕು ಹಗುರಾಗಿ ಗಾಡಿ ಬಾಲ ಅಲ್ಲಾಡಿಸಲು ಶುರು ಮಾಡುತ್ತದೆ. ಚಿತ್ರದುರ್ಗದ ಗಾಳಿ ಗಿರಣಿ ಗುಡ್ಡಗಳ ಹತ್ತಿರ ಅಡ್ಡಗಾಳಿ ಬೀಸುವಾಗ, ಪಕ್ಕದಲ್ಲಿ ಲಾರಿಯೂ ದಾಟಿದರೆ ಏನಾಗುತ್ತದೆ ಯೋಚಿಸಿ. ಟ್ಯಾಂಕು ಎಕ್ಸಲ್ (ಚಕ್ರದ ಅಚ್ಚು) ಮೇಲೆ ಅಥವಾ ಸ್ವಲ್ಪ ಮುಂದೆ ಇರಲಿ.

ಒಂದು ರಾತ್ರಿಯ ಕರೆಂಟಿಗೆ 12 ವೋಲ್ಟಿನ 100 ಆಂಪಿಯರ್ ಅವರ್ ಬ್ಯಾಟರಿ ಸಾಕು. ಲೆಕ್ಕಕ್ಕೆ 1,200 ವ್ಯಾಟ್ ಅವರ್. ಆದರೆ ಆಸಿಡ್ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡಿದರೆ ಬೇಗ ಸಾಯುತ್ತದೆ, ಹಾಗಾಗಿ ಕೈಗೆ ಸಿಗುವುದು 600. 20 ವ್ಯಾಟಿನ ಎರಡು ಫ್ಯಾನು ಎಂಟು ಗಂಟೆ ತಿರುಗಿದರೆ 320. 5 ವ್ಯಾಟಿನ ನಾಲ್ಕು ದೀಪ ಐದು ಗಂಟೆಗೆ 100. ಫೋನ್ ಚಾರ್ಜಿಗೂ ಉಳಿಯುತ್ತದೆ. ಎರಡನೇ ರಾತ್ರಿಗೆ ಮೊದಲು ಬ್ಯಾಟರಿ ಮತ್ತೆ ಚಾರ್ಜ್ ಮಾಡಬೇಕು. ಮಿಕ್ಸಿ ಬೇಡ. 500 ವ್ಯಾಟಿಗೆ ಬ್ಯಾಟರಿಯಿಂದ 40 ಆಂಪಿಯರಿಗಿಂತ ಜಾಸ್ತಿ ಎಳೆಯುತ್ತದೆ, ಮನೆಯ ತೆಳು ವೈರು ಅಲ್ಲಿ ಕಾದು ಕರಗುತ್ತದೆ. ಚಟ್ನಿ ಮನೆಯಿಂದಲೇ ರುಬ್ಬಿಕೊಂಡು ಹೋಗಿ. ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಬೇಕು.

ಗ್ಯಾಸ್ ವಿಷಯದಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಕೂರುತ್ತದೆ, ಅಲ್ಲೇ ಮಕ್ಕಳು ಮಲಗಿರುತ್ತಾರೆ. ಕಿಟಕಿ ತೆರೆದಿದ್ದರೂ ಅದು ಪೂರ್ತಿ ಹೊರಗೆ ಹೋಗುವುದಿಲ್ಲ. ಸಿಲಿಂಡರ್ ಹೊರಗಿನ ಪೆಟ್ಟಿಗೆಯಲ್ಲಿರಲಿ, ಅದರ ತಳದಲ್ಲಿ ತೂತು ಇರಲಿ, ಗಾಡಿಯ ನೆಲದಲ್ಲೂ ಒಂದು ಜಾಲರಿ ಇರಲಿ.

ಕಾಗದಪತ್ರವನ್ನು ಕೊಳ್ಳುವ ಮೊದಲೇ ನೋಡಿ. ಟ್ರೇಲರಿಗೆ ಅದರದ್ದೇ ನೋಂದಣಿ ಬೇಕು. ರೂಪ ಬದಲಿಸುವುದಕ್ಕೂ ಆರ್‌ಟಿಒ ಅನುಮತಿ ಬೇಕು.

ಮೊದಲ ಸಲ ಹೊರಟಾಗ ಒಂದು ಕೆಲಸ ಮರೆಯಬೇಡಿ. ದಾವಣಗೆರೆಯಿಂದ ಚಿತ್ರದುರ್ಗ ಮುಟ್ಟುವ ಹೊತ್ತಿಗೆ ಗಾಡಿ ಪಕ್ಕಕ್ಕೆ ಹಾಕಿ. ವೀಲ್ ನಟ್ ಎಲ್ಲಾ ಇನ್ನೊಮ್ಮೆ ಬಿಗಿ ಮಾಡಿ. ಆಮೇಲೆ ಎರಡೂ ಚಕ್ರದ ನಡುವಿನ ಹಬ್ ಹತ್ತಿರ ಕೈ ಒಡ್ಡಿ ನೋಡಿ. ಒಂದು ಬೆಚ್ಚಗಿದ್ದು ಇನ್ನೊಂದು ಸುಡುತ್ತಿದ್ದರೆ ಆ ಕಡೆಯ ಬೇರಿಂಗ್ ಬಿಗಿಯಾಗಿರಬಹುದು. ಮಾರಿಕಣಿವೆ ದಾರಿಯ ಹಿರಿಯೂರು ಆಮೇಲೆ, ಮೊದಲು ಅಲ್ಲೇ ಯಾವುದಾದರೂ ಗ್ಯಾರೇಜಿಗೆ ತೋರಿಸಿ.